ಮೋರಿ ಕಾಯೋರಿಗೆ ಶಾಲು ಹೊದಿಸೋದಾ?

ಬೆಂಗಳೂರಿನ ರಾಜಕಾಲುವೆ, ಅಂದ್ರೆ ಮಳೆನೀರು ಹೋಗೋ ದೊಡ್ಡ ಮೋರಿ, ಅದರ ಬಗ್ಗೆ ಕಳೆದ ಸಂಚಿಕೇಲಿ ಎರಡು ಸಾಲು ಬರೆದಿದ್ದೇ ತಡ, ಈ ಸಲ ಬಂದಿರೋದೆಲ್ಲ ಮೋರಿ ಪತ್ರಗಳೇ. ಅಳಿಯನ ಬಗ್ಗೆ, ಆಸ್ತಿ ಬಗ್ಗೆ ಕೇಳಿದೋರು ಬೇಜಾರು ಮಾಡ್ಕೋಬೇಡಿ, ನಿಮ್ಮದು ಮುಂದಿನ ಸಲ ನೋಡೋಣ.

ಪ್ರಶ್ನೆ: ನಮ್ಮ ಲೇಔಟ್ ಹಿಂದೆ ವೃಷಭಾವತಿ ನದಿಗೆ ಸೇರೋ ಒಂದು ಕಾಲುವೆ ಇದೆ. ನಮ್ಮಲ್ಲೇ 6 ಜನ 4 ವರ್ಷದಿಂದ ಪ್ರತಿ ಭಾನುವಾರ ಬೆಳಗ್ಗೆ ಹೋಗಿ ಕಸ ಎತ್ತುತ್ತಾರೆ, ನೀರು ಚೆಕ್ ಮಾಡ್ತಾರೆ, ಏನಾದ್ರೂ ಸುರಿದಿದ್ರೆ ಕಂಪ್ಲೇಂಟ್ ಹಾಕ್ತಾರೆ. ಈ ರಾಜ್ಯೋತ್ಸವಕ್ಕೆ ಅವರಿಗೆ ಸನ್ಮಾನ ಮಾಡೋಣ ಅಂತ ಕಮಿಟಿ ತೀರ್ಮಾನ ಮಾಡಿದೆ. ಶಾಲು, ಹಾರ, ಮೈಸೂರು ಪೇಟ, ಫಲಕ, ಹಣ್ಣಿನ ಬುಟ್ಟಿ, ಎಲ್ಲಾ ಸೇರಿ 18,000 ಬಜೆಟ್. ಆದ್ರೆ ಅವರಲ್ಲಿ ಇಬ್ಬರು ನಾವು ವೇದಿಕೆಗೆ ಬರಲ್ಲ ಅಂತ ಕೂತಿದ್ದಾರೆ. ಇದು ಅಹಂಕಾರ ಅಲ್ವಾ? (ಸಂಘದ ಕಾರ್ಯದರ್ಶಿ, ಕೆಂಗೇರಿ ಕಡೆ)

ಉತ್ತರ: ಅಹಂಕಾರ ಅಲ್ಲ ಸಾರ್, ಸುಸ್ತು. ಮೊದಲು ಅವರಿಬ್ಬರನ್ನ ಕರೆದು ಒಂದು ಕಾಫಿ ಕುಡಿಸಿ, ಮೈಕ್ ಇಲ್ಲದೆ ಮಾತಾಡ್ಸಿ.

ನಾನೇನು ಸನ್ಮಾನದ ವಿರೋಧಿ ಅಲ್ಲ, ನಮ್ಮ ಮನೇಲೂ ಒಂಬತ್ತು ಶಾಲು ಇದೆ, ಒಂದು ಗ್ರೈಂಡರ್ ಮೇಲೆ, ಒಂದು ಇನ್ವರ್ಟರ್ ಮೇಲೆ, ಮಿಕ್ಕಿದ್ದು ಬೀರುನಲ್ಲಿ. ಆದ್ರೆ ಎರಡು ವರ್ಷದ ಹಿಂದೆ ಒಂದು ಬಡಾವಣೆಯವರು ಇಂಥದ್ದೇ ಕಾರ್ಯಕ್ರಮಕ್ಕೆ ನನ್ನ ಕರೆದಿದ್ರು, ಕಾರ್ಡ್‌ನಲ್ಲಿ ಹತ್ತೂವರೆ ಅಂತಿತ್ತು, ಮುಖ್ಯ ಅತಿಥಿ ಬಂದಿದ್ದು ಹನ್ನೆರಡೂ ಮುಕ್ಕಾಲಿಗೆ, ಅಲ್ಲೀವರೆಗೂ ಕಾಲುವೆ ಕಾಯೋ ನಾಲ್ಕು ಹುಡುಗರು ಮತ್ತೆ ಒಬ್ಬರು ರಿಟೈರ್ಡ್ ಮೇಷ್ಟ್ರು ಪೇಟ ಇಟ್ಕೊಂಡು ಶಾಮಿಯಾನದ ಕೆಳಗೆ ಬೆವರ್ತಾ ಕೂತಿದ್ರು. ಅತಿಥಿ ಬಂದೋರೇ ಮೇಷ್ಟ್ರ ಹೆಸರು ತಪ್ಪು ಓದಿ, ಪರಿಸರ ಉಳಿಸಿ ಅಂತ ಹೇಳಿ, ಇನ್ನೊಂದು ಫಂಕ್ಷನ್ ಇದೆ ಅಂತ ಹೊರಟುಬಿಟ್ರು. ಊಟ ಆದ್ಮೇಲೆ ಎಲೆ, ಲೋಟ, ನೀರಿನ ಬಾಟಲಿ ಎಲ್ಲಾ ಎಲ್ಲಿಗೆ ಹೋಯ್ತು ಅಂತೀರಾ? ಶಾಮಿಯಾನದ ಹಿಂದೇನೇ ಕಾಲುವೆ ಇತ್ತಲ್ಲ! ಮಾರನೇ ಭಾನುವಾರ ಅದನ್ನ ಎತ್ತಿದ್ದು ಸನ್ಮಾನ ಮಾಡಿಸ್ಕೊಂಡೋರೇ.

ನೀರು ಕಾದೋರನ್ನ ಗೌರವಿಸೋದು ನಮ್ಮೂರಿಗೆ ಹೊಸದಲ್ಲ. ಅಗರದಲ್ಲಿ ಗಂಗರ ಕಾಲದ ಒಂದು ಶಾಸನ ಇದೆ, ಸುಮಾರು ಕ್ರಿ.ಶ. 870ರದ್ದು, ಅಂದ್ರೆ ಕೆಂಪೇಗೌಡರಿಗಿಂತ ಆರೂವರೆ ಶತಮಾನಕ್ಕೂ ಹಿಂದಿನದು. ಇರುಗಮಯ್ಯನ ಮಗ ಸಿರಿಮಯ್ಯ ಅನ್ನೋನು ಎರಡು ಕೆರೆಗೆ ತೂಬು ಇಡಿಸಿ, ಮೂಡಣ ಕೆರೆ ಕಟ್ಟಿಸಿ, ಮೂರೂ ಕೆರೆಯ ಬಿಟ್ಟುವಟ್ಟ ಪಡೆದ ಅಂತ ಅದರಲ್ಲಿದೆ. ಬಿಟ್ಟುವಟ್ಟ ಅಂದ್ರೆ ಕೆರೆ ಕಟ್ಟಿ ನೋಡ್ಕೊಂಡೋರಿಗೆ ಬಿಟ್ಟುಕೊಡ್ತಿದ್ದ ಜಮೀನು. ಆಮೇಲಿನ ಕಾಲದ ನೀರುಗಂಟಿನ ನೋಡಿ, ತೂಬು ಎತ್ತೋನು, ಯಾರ ಗದ್ದೆಗೆ ಎಷ್ಟೊತ್ತು ನೀರು ಅಂತ ಹೇಳೋನು, ಅವನಿಗೆ ಊರೋರು ಸುಗ್ಗಿ ಟೈಮಲ್ಲಿ ಕಣದಲ್ಲೇ ಧಾನ್ಯ ಅಳೆದು ಕೊಡ್ತಿದ್ರು. ಹಾರ ಹಾಕಿದ್ರೋ ಇಲ್ವೋ, ಅವನು ಈಗ ನೀರು ಬಿಡಲ್ಲ ಅಂದ್ರೆ ಪಟೇಲನೂ ಕಾಯ್ಬೇಕಿತ್ತು. ಅವನ ಮಾತು ನಡೀತಿತ್ತು, ನಿಮ್ಮ ಆರು ಜನರ ಮಾತು ನಡೆಯುತ್ತಾ? ಅದೇ ನನ್ನ ಪ್ರಶ್ನೆ.

ಹೋದ ವರ್ಷ ನಾನೂ ಒಂದು ಬೆಳಗ್ಗೆ ಮೈಸೂರು ರಸ್ತೆ ಕಡೆಯ ಒಂದು ಸೇತುವೆಗೆ ಇಂಥೋರ ಜೊತೆ ಹೋಗಿದ್ದೆ. ಇನ್ನೂ ಸರಿಯಾಗಿ ಬೆಳಕಾಗಿರ್ಲಿಲ್ಲ. ಒಬ್ಬರು ನೈಲಾನ್ ಹಗ್ಗಕ್ಕೆ ಕಲ್ಲು ಕಟ್ಟಿದ ಬಾಟಲಿ ಇಳಿಬಿಟ್ಟು ನೀರು ಎಳೆದ್ರು, ಮೊದಲ ಬಾಟಲಿ ನೀರಲ್ಲಿ ಅದನ್ನೇ ತೊಳೆದು ಚೆಲ್ಲಿ ಎರಡನೇದನ್ನ ಇಟ್ಕೊಂಡ್ರು. ಇನ್ನೊಬ್ಬರು ಪ್ಲಾಸ್ಟಿಕ್ ಕವರ್ ಹಾಕಿದ ಇನ್ನೂರು ಪುಟದ ನೋಟ್‌ಬುಕ್ ತೆಗೆದು ಬರ್ಕೊಂಡ್ರು: '6.10. ನೀರು ಬೂದಿ ಬಣ್ಣ. ನೊರೆ ಮೊಣಕಾಲೆತ್ತರ. ವಾಸನೆ ಕೊಳೆತ ಮೊಟ್ಟೆ. ಬೆಳ್ಳಕ್ಕಿ 4. ಎಡಗಡೆ ಪೈಪಿಂದ ಕೆಂಪು ನೀರು, 20 ನಿಮಿಷ, ಆಮೇಲೆ ನಿಂತೋಯ್ತು.' ಹಿಂದಿನ ಪುಟ ತಿರುವಿ ತೋರಿಸಿದ್ರು, ಅದೇ ಪೈಪು, ಅದೇ ಕೆಂಪು, ಬಹುಪಾಲು ಶನಿವಾರ ರಾತ್ರಿ ಕಳೆದ ಮೇಲೇನೇ. ಇದನ್ನ ಯಾರಿಗೆ ತೋರಿಸಿದ್ರಿ ಅಂದೆ. 'ನಿಮಗೇ ಸಾರ್ ಮೊದಲು' ಅಂದ್ರು.

ನಾಲ್ಕು ವರ್ಷದ ನೋಟ್‌ಬುಕ್ ನಿಮ್ಮ ಲೇಔಟ್‌ನಲ್ಲೂ ಇರುತ್ತೆ, ಕೇಳಿ ನೋಡಿ. ರಾಜ್ಯೋತ್ಸವದ ದಿನ ಅತಿಥಿ ಭಾಷಣದ ಬದಲು ಅದರ ಎರಡು ಪುಟ ಓದಿಸಿ, ಜನ ಬಾಯ್ ಮುಚ್ಕೊಂಡು ಕೇಳ್ತಾರೆ. ಪ್ರತಿ ತಿಂಗಳು ಒಂದು ಪುಟ ಜೆರಾಕ್ಸ್ ಮಾಡಿ ನೋಟಿಸ್ ಬೋರ್ಡಿಗೆ ಹಾಕಿ, ಕೆಳಗೆ ರೀಡಿಂಗ್ ತಗೊಂಡೋರ ಹೆಸರು ಇರ್ಲಿ. ಕಂಪ್ಲೇಂಟ್ ಅವರ ಸ್ವಂತ ಫೋನಿಂದ ಹೋಗೋದು ಬೇಡ, ಸಂಘದ ಲೆಟರ್‌ಹೆಡ್‌ನಲ್ಲಿ ನಿಮ್ಮ ಸಹಿ ಹಾಕಿ ಕಳ್ಸಿ, ಉತ್ತರ ಬರೋವರೆಗೂ ಹಿಂದೆ ಬೀಳೋ ಕೆಲಸ ನಿಮ್ಮದು. ಒಂಟಿ ಮನುಷ್ಯ ಕಂಪ್ಲೇಂಟ್ ಕೊಟ್ರೆ ಪೈಪ್ ಹಾಕಿದೋನು ಅವನ ಮನೆ ಹುಡುಕ್ಕೊಂಡು ಬರ್ತಾನೆ, ಸಂಘ ಕೊಟ್ರೆ ಯಾರ ಮನೆಗೆ ಅಂತ ಹೋಗ್ತಾನೆ?

ಆ 18,000ದಲ್ಲಿ ಟೆಸ್ಟ್ ಕಿಟ್ಟಿನ ಕೆಮಿಕಲ್ ತರಿಸಿ (ಅದಕ್ಕೂ ಎಕ್ಸ್‌ಪೈರಿ ಇದೆ, ಹೆಚ್ಚಿನೋರು ಹಳೇದನ್ನೇ ಜಗ್ತಾ ಇರ್ತಾರೆ), ಉದ್ದ ಗ್ಲೌಸ್, ಗಮ್‌ಬೂಟ್, ಆರು ಜನಕ್ಕೂ ಅಪಘಾತ ವಿಮೆ. ಉಳಿದ್ರೆ ಶಾಲೂ ಹೊದಿಸಿ, ನವೆಂಬರ್ ಚಳಿಗೆ ಆಗುತ್ತೆ.

ಮಳವಳ್ಳಿ ತಾಲ್ಲೂಕು ದಾಸನದೊಡ್ಡಿಯ ಕಾಮೇಗೌಡರು ನೆನಪಿದ್ದಾರಾ? ಕುರಿ ಕಾಯ್ತಾ ಬೆಟ್ಟದಲ್ಲಿ ಕಟ್ಟೆ ಮೇಲೆ ಕಟ್ಟೆ ತೋಡಿದೋರು, 2020ರಲ್ಲಿ ಪ್ರಧಾನಿ ರೇಡಿಯೋದಲ್ಲಿ ಅವರ ಹೆಸರು ಹೇಳಿದ್ರು, 2022ರ ಅಕ್ಟೋಬರ್‌ನಲ್ಲಿ ತೀರಿಕೊಂಡ್ರು. ಪ್ರಶಸ್ತಿ ದುಡ್ಡು ಬಂದ್ರೆ ಅದನ್ನೂ ಕಟ್ಟೆಗೇ ಸುರೀತಿದ್ರು. ಅವರಿಗೆ ಸಿಕ್ಕಿದ್ರಲ್ಲಿ ನನಗೆ ತುಂಬ ಹಿಡಿಸಿದ್ದು ಕೆಎಸ್‌ಆರ್‌ಟಿಸಿ ಕೊಟ್ಟ ಜೀವನಪೂರ್ತಿ ಉಚಿತ ಬಸ್ ಪಾಸ್. ಓಡಾಡೋ ಮನುಷ್ಯನಿಗೆ ಓಡಾಡೋಕೆ ಬೇಕಾಗಿದ್ದನ್ನ ಕೊಟ್ರಲ್ಲ.

ಇನ್ನೊಂದು, ಪಟ್ಟಿ ಇನ್ನೊಂದ್ಸಲ ನೋಡಿ. ಆರೂ ಜನ ಲೇಔಟಿನ ಸೈಟ್ ಓನರ್‌ಗಳೇ ಅಲ್ವಾ? ರಾತ್ರಿ ಟ್ಯಾಂಕರ್ ಬಂದು ಕಾಲುವೆಗೆ ಸುರಿದು ಹೋಗಿದ್ದನ್ನ ಮೊದಲು ನೋಡಿ ಅವರಿಗೆ ಹೇಳೋನು ನಿಮ್ಮ ಗೇಟಿನ ಸೆಕ್ಯೂರಿಟಿ, ತೂಬಿಗೆ ಕಸ ಸಿಕ್ಕಿ ನೀರು ನಿಂತಾಗ ಬಿಡಿಸೋದು ಪೌರಕಾರ್ಮಿಕರು. ಅವರ ಹೆಸರು ಕಾರ್ಡ್‌ನಲ್ಲಿ ಇಲ್ಲ ಅಂದ್ರೆ ನಾನೂ ಬರಲ್ಲ ಅಂತೀನಿ. ನಿಮ್ಮ ಇಬ್ಬರೂ ಅದನ್ನೇ ಹೇಳ್ತಿರಬಹುದು, ಅಥವಾ ನಾಲ್ಕು ವರ್ಷದಲ್ಲಿ ಏಳನೇ ಮನುಷ್ಯ ಬರ್ಲಿಲ್ವಲ್ಲ ಅನ್ನೋ ಸಿಟ್ಟಿರಬಹುದು. ಮುಂದಿನ ಭಾನುವಾರ ಕಮಿಟಿಯೋರು ಮೂರು ಜನ ಹೋಗಿ ಆ ಕೆಲಸ ಮಾಡಿ, ಅವರಿಗೆ ಒಂದು ದಿನ ಮಲಗೋಕೆ ಬಿಡಿ. ಆಮೇಲೆ ವೇದಿಕೆಗೆ ಕರೆದು ನೋಡಿ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಮೂರನೇ ವರ್ಷ. ಬೆಳ್ಳಂದೂರು ಕಡೆ ಹೋಗೋ ಕಾಲುವೇಲಿ ಫ್ರೆಂಡ್ಸ್ ಸೇರಿ ವಾರ ವಾರ ಟಿಡಿಎಸ್ ಮೀಟರ್ ಇಟ್ಟು ನೋಡ್ತೀವಿ. ಲೆಕ್ಕ ಎಲ್ಲಾ ಎಕ್ಸೆಲ್‌ನಲ್ಲಿದೆ. ಒಂದು ಆಫೀಸಿಗೆ ತಗೊಂಡು ಹೋದ್ರೆ, ಈ ಆಟದ ಸಾಮಾನಿನ ರೀಡಿಂಗ್ ಎಲ್ಲಾ ಇಟ್ಕೊಂಡು ನಾವೇನ್ ಮಾಡೋದು ಅಂದ್ರು. ನಮ್ಮ ಡೇಟಾಗೆ ಬೆಲೆನೇ ಇಲ್ವಾ? (ಕೋರಮಂಗಲ)

ಉತ್ತರ: ಇದೆ ಮರಿ, ಆದ್ರೆ ಅರ್ಧ ತಪ್ಪು ನಿಂದೂ ಇದೆ, ಬೈಸ್ಕೋ.

ಟಿಡಿಎಸ್ ಪೆನ್ನು ನೀರಲ್ಲಿ ಕರಗಿರೋ ಉಪ್ಪಿನಂಶ ಹೇಳುತ್ತೆ ಅಷ್ಟೇ. ಬೋರ್‌ವೆಲ್ ನೀರೂ ಜಾಸ್ತಿ ತೋರಿಸಬಹುದು, ಹೊಲಸು ನೀರಿಗೆ ಮಳೆ ನೀರು ಬೆರೆತ್ರೆ ಕಮ್ಮಿ ತೋರಿಸಬಹುದು. ದಿನಾ ಒಂದೇ ಥರ ಇದ್ದಿದ್ದು ಇವತ್ತು ಎಗರಿತು ಅಂದ್ರೆ ಯಾರೋ ಏನೋ ಬಿಟ್ರು ಅಂತ ಗೊತ್ತಾಗುತ್ತೆ, ಅಷ್ಟಕ್ಕೆ ಒಳ್ಳೇದು. ನೀರಿಗೆ ಉಸಿರಿದೆಯಾ ಅಂತ ನೋಡ್ಬೇಕಾದ್ರೆ ಕರಗಿದ ಆಮ್ಲಜನಕ ನೋಡ್ಬೇಕು, ಡಿಒ ಅಂತಾರಲ್ಲ ಅದು. ಡ್ರಾಪ್ ಹಾಕೋ ಕಿಟ್ ಸಿಗುತ್ತೆ, ಗುಳ್ಳೆ ಇಲ್ಲದ ಹಾಗೆ ಸಣ್ಣ ಬಾಟಲಿ ತುಂಬ್ಸಿ ಮೊದಲ ಎರಡು ಕೆಮಿಕಲ್ ಹಾಕಿದ್ರೆ, ಆಮ್ಲಜನಕ ಇದ್ರೆ ತಳದಲ್ಲಿ ಕಂದು ಗಸಿ ಕೂರುತ್ತೆ, ಇಲ್ಲದಿದ್ರೆ ಗಸಿ ಬೆಳ್ಳಗೇ ಉಳಿಯುತ್ತೆ. ನಮ್ಮ ರಾಜಕಾಲುವೆ ನೀರಿಗೆ ಹಾಕಿ ನೋಡು, ಹಾಲಿನ ಥರ ಬೆಳ್ಳಗೆ ಕೂತಿರುತ್ತೆ, ಅದನ್ನ ನೋಡಿದ್ಮೇಲೆ ಎಕ್ಸೆಲ್ ಬೇಕಾಗಲ್ಲ. ಮೀನು ಬದುಕೋಕೆ ಲೀಟರ್‌ಗೆ 4 ಮಿಲಿಗ್ರಾಂ ಆದ್ರೂ ಬೇಕು ಅಂತ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 'ಡಿ' ದರ್ಜೆ ಹೇಳುತ್ತೆ, ಮುಕ್ತ ಅಮೋನಿಯಾ 1.2 ಮಿಲಿಗ್ರಾಂ ದಾಟಬಾರದು.

ಟೈಮ್ ಮುಖ್ಯ. ಪಾಚಿ ಇರೋ ನೀರಲ್ಲಿ ಮಧ್ಯಾಹ್ನ ಡಿಒ ಚೆನ್ನಾಗೇ ಬರುತ್ತೆ, ಬಿಸಿಲಿಗೆ ಪಾಚಿನೇ ಆಮ್ಲಜನಕ ಬಿಡುತ್ತಲ್ಲ, ರಾತ್ರಿ ಎಲ್ಲಾ ಅದೇ ಪಾಚಿ ಉಸಿರಾಡಿ ಖಾಲಿ ಮಾಡುತ್ತೆ, ಸೂರ್ಯ ಹುಟ್ಟೋ ಮುಂಚೆ ತೀರಾ ಕಮ್ಮಿ. ಮೀನು ಸತ್ತು ತೇಲೋದು ಬೆಳಗ್ಗೆ ಕಾಣೋದು ಅದಕ್ಕೇ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೇಲಿ ಸಾವಿರಾರು ಮೀನು ಸತ್ತಿದ್ದು ನಿನಗೆ ನೆನಪಿರಲ್ಲ, ಆಗ ನೀನು ಸ್ಕೂಲು. ನೀವು ಕಾಲೇಜು ಮುಗಿಸ್ಕೊಂಡು ಒಂದಿನ ಹನ್ನೊಂದಕ್ಕೆ ಒಂದಿನ ನಾಲ್ಕಕ್ಕೆ ಹೋದ್ರೆ ಆಫೀಸಿನೋರು ನಂಬದೆ ಇರೋದು ಅವರ ತಪ್ಪಲ್ಲ. ಒಂದೇ ಜಾಗ, ಒಂದೇ ಟೈಮ್, ಹಿಂದಿನ ದಿನ ಮಳೆ ಬಂತಾ ಇಲ್ವಾ, ಫೋಟೋದಲ್ಲಿ ಕದಲದೆ ಇರೋ ಏನಾದ್ರೂ ಒಂದು, ಸೇತುವೆ ಕಂಬಿನೋ ಲೈಟ್ ಕಂಬಾನೋ. ಪೆನ್ನಲ್ಲಿ ಬರೀರಿ, ತಪ್ಪಾದ್ರೆ ಅಡ್ಡಗೆರೆ ಎಳೆದು ಪಕ್ಕದಲ್ಲಿ ಬರೀರಿ, ವೈಟ್ನರ್ ಬೇಡ. ಏನೂ ಆಗದ ದಿನಾನೂ ಬರೀರಿ, ಅದಿಲ್ಲದೆ ಏನೋ ಆದ ದಿನಕ್ಕೆ ಅರ್ಥ ಬರಲ್ಲ.

ಈಗ ಆಫೀಸಿನೋರ ಪಾಲಿನ ಬೈಗುಳ. ನಿಮ್ಮ ರೀಡಿಂಗ್ ಕೋರ್ಟಿಗೆ ಸಾಕ್ಷಿ ಆಗಲ್ಲ ಅನ್ನೋದು ನಿಜ, 1974ರ ಜಲ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾಲಿನ್ಯ ನಿಯಂತ್ರಣ ಮಂಡಳಿ ಅಧಿಕಾರಿನೇ ಬಂದು ಸ್ಯಾಂಪಲ್ ತಗೊಂಡು, ಎರಡು ಭಾಗ ಮಾಡಿ, ಸೀಲ್ ಹಾಕಿ ಸಹಿ ಮಾಡ್ಬೇಕು. ಆದ್ರೆ ಯಾವ ಪೈಪ್ ಹತ್ರ, ಯಾವ ವಾರ, ಎಷ್ಟೊತ್ತಿಗೆ ಬರ್ಬೇಕು ಅಂತ ಹೇಳೋದು ನಿಮ್ಮ ಆಟದ ಸಾಮಾನೇ ತಾನೇ? ಅದೇ ಕಾಯ್ದೆಯ 49ನೇ ಸೆಕ್ಷನ್‌ನಲ್ಲಿ ಸಾಮಾನ್ಯ ಮನುಷ್ಯನೂ ಮಂಡಳಿಗೆ 60 ದಿನದ ನೋಟಿಸ್ ಕೊಟ್ಟು ತಾನೇ ಕೋರ್ಟಿಗೆ ದೂರು ಕೊಡಬಹುದು. ಇದು ಗೊತ್ತಿದೆ ಅಂತ ಸುಮ್ನೆ ಮಾತಿನ ಮಧ್ಯೆ ಹೇಳು, ಎದುರಿಗಿರೋರು ಕುರ್ಚಿ ಎಳೆದು ಕೂರಿಸ್ತಾರೆ.

ಇಂಗ್ಲೆಂಡಿನಲ್ಲಿ ಗಾಳ ಹಾಕಿ ಮೀನು ಹಿಡಿಯೋ ಹವ್ಯಾಸದೋರು ಹೊಳೇಲಿ ಮೂರು ನಿಮಿಷ ಕಾಲಲ್ಲಿ ತಳ ಕೆದಕಿ, ಬಲೆಗೆ ಬಂದ ಹುಳ ಎಣಿಸ್ತಾರೆ, ಎಂಟು ಬಗೆ ಅಷ್ಟೇ. ಪ್ರತಿ ಜಾಗಕ್ಕೂ ಅಲ್ಲಿನ ಪರಿಸರ ಏಜೆನ್ಸಿ ಇಷ್ಟು ಅಂಕ ಅಂತ ಮೊದಲೇ ನಿಗದಿ ಮಾಡಿರುತ್ತೆ, ಅದಕ್ಕಿಂತ ಕೆಳಗೆ ಬಂದ್ರೆ ಫೋನ್ ಹೋಗುತ್ತೆ, ಏಜೆನ್ಸಿ ಏನಾಯ್ತು ಅಂತ ನೋಡ್ಬೇಕು. ವಾಲಂಟಿಯರ್‌ಗೆ ಇದಕ್ಕಿಂತ ದೊಡ್ಡ ಸನ್ಮಾನ ಯಾವುದು ಹೇಳು. ನಮ್ಮ ಮೋರೀಲಿ ಆ ಹುಳ ಎಲ್ಲಾ ಸಿಗಲ್ಲ, ಕೆಸರಲ್ಲಿ ಕೆಂಪು ದಾರದ ಥರ ಹುಳ ಮಾತ್ರ ಸಿಗುತ್ತೆ, ಅದೂ ಒಂದು ರೀಡಿಂಗೇ ಅನ್ನು.

ಯಾರಿಗೆ ಕೊಡೋದು ಅಂತಾನೂ ತಿಳ್ಕೋ. ಮನೆ ಮನೆ ಹೊಲಸು ನೀರು ಬರ್ತಿದ್ರೆ ಜಲಮಂಡಳಿ. ಕಾಲುವೆ ಗೋಡೆ, ಹೂಳು, ಕಸ ಪಾಲಿಕೆ, 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಹೋಗಿ ಐದು ಪಾಲಿಕೆ ಆಗಿರೋದ್ರಿಂದ ನಿಂದು ಯಾವುದು ಅಂತ ನೋಡ್ಕೊಂಡು ಹೋಗು. ಫ್ಯಾಕ್ಟರಿ ಬಣ್ಣದ ನೀರು ಆದ್ರೆ ಮಾಲಿನ್ಯ ನಿಯಂತ್ರಣ ಮಂಡಳಿ. ಮೂರಕ್ಕೂ ಒಂದೇ ಪತ್ರ ಕಳ್ಸಿದ್ರೆ ಮೂವರೂ ಅದು ನಮ್ಮದಲ್ಲ ಅಂತಾರೆ.

ಪ್ರಶ್ನೆ: ಮೋರಿಗೆ ನದಿ, ಹೊಳೆ ಅಂತೆಲ್ಲ ಹೆಸರಿಟ್ಟು ಅದನ್ನ ಕಾಯೋರನ್ನ ಹೀರೋ ಮಾಡೋದು ಈಗಿನ ಫ್ಯಾಷನ್ ಅನ್ಸಲ್ವಾ? ಮೋರಿ ಮೋರಿನೇ. (ಬಸವನಗುಡಿ)

ಉತ್ತರ: ಬಸವನಗುಡಿಯಿಂದಲೇ ಈ ಪ್ರಶ್ನೆ ಬಂತಲ್ಲ, ಅದೇ ತಮಾಷೆ. ಸಂಜೆ ವಾಕಿಂಗ್ ಹೋದಾಗ ದೊಡ್ಡ ಬಸವಣ್ಣನ ಪಾದದ ಹತ್ರ ಒಂದು ನಿಮಿಷ ನಿಂತ್ಕೊಳ್ಳಿ, ವೃಷಭಾವತಿ ಅಲ್ಲಿಂದಲೇ ಹುಟ್ಟೋದು ಅಂತ ನಮ್ಮ ಹಿರಿಯರ ನಂಬಿಕೆ, ಹೆಸರೇ ಅದರಿಂದ ಬಂದಿದ್ದು. ಮೈಸೂರು ರಸ್ತೆಯ ಗಾಳಿ ಆಂಜನೇಯ ಕಟ್ಟಿದ್ದು ಅದರ ದಡದಲ್ಲಿ, ಮೋರಿ ದಡದಲ್ಲಿ ಯಾರೂ ದೇವಸ್ಥಾನ ಕಟ್ಟಲ್ಲ ಸ್ವಾಮಿ. ಅಲ್ಲಿಂದ ಕೆಂಗೇರಿ, ಬೈರಮಂಗಲ ಕೆರೆ, ಆಮೇಲೆ ಅರ್ಕಾವತಿ, ಕನಕಪುರದ ಆಚೆ ಸಂಗಮದಲ್ಲಿ ಕಾವೇರಿ. ನಾವು ನಲ್ಲೀಲಿ ಕಾವೇರಿ ಕುಡೀತೀವಿ, ನಮ್ಮ ಬಚ್ಚಲಿಂದ ಹಿಂಗೆ ವಾಪಸ್ ಕಳಿಸ್ತೀವಿ. ಬೈರಮಂಗಲದ ರೈತನ ಹತ್ರ ಹೋಗಿ ಮೋರಿ ಮೋರಿನೇ ಅಂತ ಹೇಳಿ ನೋಡಿ, ಚಪ್ಪಲಿ ಬಿಟ್ಟು ಓಡಿ ಬರ್ಬೇಕಾಗುತ್ತೆ.

ಹೀರೋ ಅನ್ನೋ ಮಾತು ಮಾತ್ರ ನನಗೂ ಇಷ್ಟ ಇಲ್ಲ, ಅದರಲ್ಲಿ ನಿಮ್ಮ ಪಕ್ಷ ನಾನು.

ಪ್ರಶ್ನೆ: ನಮ್ಮ ಶಾಲೆ ಇಕೋ ಕ್ಲಬ್ ಮಕ್ಕಳು ಕಾಲುವೆ ನೀರು ಟೆಸ್ಟ್ ಮಾಡ್ತಾರೆ. ಸರ್ಟಿಫಿಕೇಟ್ ಕೊಡೋದಾ, ಇಂಟರ್ನಲ್ ಮಾರ್ಕ್ಸ್ ಕೊಡೋದಾ? (ಒಬ್ಬರು ಟೀಚರ್, ಯಲಹಂಕ)

ಉತ್ತರ: ಮಾರ್ಕ್ಸ್ ಬೇಡ ಮೇಡಂ, ಕೊಟ್ಟ ದಿನದಿಂದ ನೀರು ಸಿಕ್ಕಾಪಟ್ಟೆ ಕ್ಲೀನ್ ಆಗ್ಬಿಡುತ್ತೆ, ಪುಸ್ತಕದಲ್ಲಿ. ಸರ್ಟಿಫಿಕೇಟ್ ಕೊಡೋದಾದ್ರೆ ಒಳ್ಳೇ ರೀಡಿಂಗ್ ತಂದೋರಿಗಲ್ಲ, 'ಮಿಸ್ ನಿನ್ನೆ ನಾನು ತಪ್ಪು ಬರೆದಿದ್ದೆ' ಅಂತ ತಾನಾಗೇ ಬಂದು ಹೇಳಿದ ಮಗೂಗೆ ಕೊಡಿ. ಮಕ್ಕಳು ಸೇತುವೆ ಮೇಲಿಂದ ಹಗ್ಗದಲ್ಲೇ ನೀರು ಎಳೀಲಿ, ದಡಕ್ಕೆ ಇಳಿಸ್ಬೇಡಿ.

ಪ್ರಶ್ನೆ: ನಮ್ಮ ಯಜಮಾನ್ರು ಬ್ಯಾಂಕಿಂದ ರಿಟೈರ್ ಆದ್ಮೇಲೆ ಮೂರು ಹೊತ್ತೂ ಕಾಲುವೆ ಹತ್ರಾನೇ. ಪೇಪರ್‌ನಲ್ಲಿ ಫೋಟೋ ಬಂತು, ಎಲ್ಲಾರೂ ಹೊಗಳ್ತಾರೆ, ನನಗೂ ಖುಷಿನೇ. ಆದ್ರೆ ಆ ಬೂಟಿನ ವಾಸನೆ ತಡ್ಯಕ್ಕಾಗಲ್ಲ, ಬಟ್ಟೆ ಒಗೆಯೋದು ನಾನು. ಅವರಿಗೇನಾದ್ರೂ ಕಾಯಿಲೆ ಬಂದ್ರೆ ಅಂತ ಭಯಾನೂ ಇದೆ. ಹೇಳಿದ್ರೆ ಕೇಳಲ್ಲ, ನೀವಾದ್ರೂ ಹೇಳಿ. (ಹೆಸರು, ಊರು ಬೇಡ)

ಉತ್ತರ: ಅಮ್ಮಾ, ನಿಮ್ಮ ಭಯ ಸರಿಯಾದದ್ದು. ಯಜಮಾನ್ರಿಗೆ ಈ ಪುಟ ಓದೋಕೆ ಕೊಡಿ. ಸಾರ್, ಇಲಿ ಜ್ವರ ಅಂತ ಒಂದಿದೆ, ಇಲಿ ಉಚ್ಚೆ ಬೆರೆತ ನೀರು ಕಾಲಿನ ಸಣ್ಣ ಗಾಯಕ್ಕೆ ತಾಕಿದ್ರೂ ಸಾಕು, ಅದರಲ್ಲೂ ಮಳೆಗಾಲದಲ್ಲಿ. ಗಾಯ ಇದ್ದ ದಿನ ನೀರು ಮುಟ್ಬೇಡಿ, ಹೋಗಿ ಬಂದ್ಮೇಲೆ ಜ್ವರ, ಮೈಕೈ ನೋವು ಬಂದ್ರೆ ಡಾಕ್ಟರಿಗೆ ನಾನು ಕಾಲುವೆಗೆ ಇಳಿದಿದ್ದೆ ಅಂತ ಮೊದಲೇ ಹೇಳಿ. ಟಿಟಿ ಇಂಜೆಕ್ಷನ್ ಆಗಿದೆಯಾ ಕೇಳ್ಕೊಳ್ಳಿ. ಮೋರಿ ಮುಚ್ಚಿರೋ ಭಾಗಕ್ಕೆ, ಮ್ಯಾನ್‌ಹೋಲಿಗೆ ತಲೆ ಕೂಡ ಹಾಕ್ಬೇಡಿ, ಕೊಳೆತ ಮೊಟ್ಟೆ ವಾಸನೆಯ ಆ ಗ್ಯಾಸು ಜಾಸ್ತಿ ಆದ್ರೆ ಮೂಗಿಗೆ ವಾಸನೆನೇ ಗೊತ್ತಾಗಲ್ಲ, ಅಷ್ಟರಲ್ಲಿ ಕೆಲಸ ಕೆಟ್ಟಿರುತ್ತೆ. ದುಡ್ಡು ಕೊಟ್ಟು, ರಕ್ಷಣೆ ಸಾಮಾನಿಲ್ಲದೆ ಅಲ್ಲಿಗೆ ಮನುಷ್ಯರನ್ನ ಇಳಿಸಿ ಕ್ಲೀನ್ ಮಾಡ್ಸೋದನ್ನ 2013ರ ಮಲ ಹೊರುವ ಪದ್ಧತಿ ನಿಷೇಧ ಕಾಯ್ದೆ ನಿಷೇಧ ಮಾಡಿದೆ, ನೀವು ಪುಕ್ಕಟೆ ಇಳೀತೀನಿ ಅಂದ್ರೆ ಹೆಂಗೆ?

ಮತ್ತೆ, ನಿಮ್ಮ ಬಟ್ಟೆ ನೀವೇ ಒಗೀರಿ ಸಾರ್. ಬ್ಯಾಂಕಲ್ಲಿದ್ದಾಗಿನ ಮಾತು ಬೇರೆ.

ಬೂಟಿಗೆ ಅಮ್ಮಾ, ಸೋಪಿನ ಪುಡಿ ಜಾಸ್ತಿ ಸುರೀಬೇಡಿ, ಬೆಳ್ಳಂದೂರು ಕೆರೆಯಿಂದ ರಸ್ತೆ ಮೇಲೆ ಹಾರಾಡಿದ ನೊರೆಗೆ ನಮ್ಮ ಮನೆ ಮನೆ ಸೋಪಿನ ನೀರೂ ಒಂದು ಕಾರಣ. ಬಾಗಿಲ ಹೊರಗೇ ಬಕೆಟ್ ನೀರಲ್ಲಿ ಕೆಸರು ಬಿಡಿಸಿ, ಗಿಡದ ಬುಡಕ್ಕೆ ಮಾತ್ರ ಆ ನೀರು ಹಾಕ್ಬೇಡಿ, ಟಾಯ್ಲೆಟ್ಟಿಗೆ ಸುರೀರಿ. ಎರಡು ಕೋಲು ನೆಟ್ಟು ಬೂಟನ್ನ ತಲೆಕೆಳಗೆ ಸಿಕ್ಕಿಸಿ ಬಿಸಿಲಲ್ಲಿ ಬಿಡಿ, ಆರಿದ್ಮೇಲೆ ಒಳಗೆ ಹಳೇ ಪೇಪರ್ ತುರುಕಿಟ್ರೆ ವಾಸನೆ ಹೀರ್ಕೊಳ್ಳುತ್ತೆ. ನಮ್ಮ ಪತ್ರಿಕೆಯ ಹಳೇ ಸಂಚಿಕೆ ಆದ್ರೂ ನಡೆಯುತ್ತೆ, ಈ ಪುಟ ಒಂದು ಹರಿದಿಟ್ಕೊಂಡು.